ಚೈನ್ ಆಯಿಲರ್ ಕೂರಿಸುವುದು: ನಿಮಿಷಕ್ಕೆ ಒಂದು ಹನಿಯ ಲೆಕ್ಕ

ಓಡುವ ಬೈಕಿನ ಚೈನಿಗೆ ನಿಮಿಷಕ್ಕೆ ಒಂದು ಹನಿ ಎಣ್ಣೆ ಸಾಕು. ಆದರೆ ಆ ಹನಿ ಸರಿಯಾದ ಜಾಗದಲ್ಲೇ ಬೀಳಬೇಕು, ಗಾಡಿ ನಿಂತ ಕೂಡಲೇ ತಾನೂ ನಿಲ್ಲಬೇಕು, ಜನವರಿಯ ಚಳಿ ಬೆಳಗ್ಗೆಯಲ್ಲೂ ಏಪ್ರಿಲ್‌ ಬಿಸಿಲಲ್ಲೂ ಹೆಚ್ಚುಕಡಿಮೆ ಅಷ್ಟೇ ಇರಬೇಕು. ಓಡುವಾಗ ಈ ಹನಿಯನ್ನು ತಾನಾಗಿ ಬಿಡುವ ಆಯಿಲರ್ ಕೂರಿಸಿದವರಲ್ಲಿ ಬಹಳ ಜನ ತಿಂಗಳೊಳಗೆ ಬಿಚ್ಚಿ ಎಸೆಯುವುದು ಈ ಮೂರರಲ್ಲಿ ಒಂದು ತಪ್ಪಿದ್ದಕ್ಕೆ. ಕಿಟ್ ದುಬಾರಿಯದೋ ಅಗ್ಗದ್ದೋ ಎಂಬುದು ಆಮೇಲಿನ ಮಾತು.

ಮೊದಲು ನಿಮ್ಮ ಗಾಡಿಗೆ ಇದು ಬೇಕೇ ನೋಡಿ. ಸ್ಪ್ಲೆಂಡರ್, ಪ್ಲಾಟಿನಾದಂಥ ಗಾಡಿಗಳಲ್ಲಿ ಚೈನ್ ಪೂರ್ತಿ ಮುಚ್ಚಿದ ತಗಡಿನ ಪೆಟ್ಟಿಗೆಯೊಳಗೆ ಓಡುತ್ತದೆ. ಅದಕ್ಕೆ ಆಯಿಲರ್ ಬೇಡ. ಇನ್‌ಸ್ಪೆಕ್ಷನ್ ರಬ್ಬರ್ ತೆಗೆದು ಆಗಾಗ ಕೈಯಲ್ಲಿ ಎಣ್ಣೆ ಬಿಟ್ಟರೆ ಆಯಿತು. ಚೈನ್ ತೆರೆದಿರುವ ಗಾಡಿಯಲ್ಲಿ, ಅದೂ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ದಾವಣಗೆರೆ–ಚಿತ್ರದುರ್ಗದ ನಡುವೆ ದಿನಾ ಓಡಾಡುವವರಿಗೆ, ಇಲ್ಲವೇ ವಾರಕ್ಕೊಮ್ಮೆ ಬೆಂಗಳೂರಿಗೆ ಹೋಗಿಬರುವವರಿಗೆ ಆಯಿಲರ್ ನಿಜಕ್ಕೂ ಉಪಯೋಗ. ಸಾಮಾನ್ಯವಾಗಿ 500 ಕಿ.ಮೀ.ಗೊಮ್ಮೆ ಚೈನಿಗೆ ಎಣ್ಣೆ ಹಾಕಿ ಎನ್ನುತ್ತಾರೆ. ಬೆಂಗಳೂರಿಗೆ ಒಂದು ಸಲ ಹೋಗಿ ಬಂದರೆ ಅದು ಮುಗಿದೇ ಹೋಯಿತು.

ಎರಡು ಬಗೆ

ಇಂಜಿನ್ನಿನ ಇನ್‌ಲೆಟ್ ಎಳೆತದಿಂದ ಕೆಲಸ ಮಾಡುವುದು ಒಂದು ಬಗೆ. ಬ್ರಿಟನ್ನಿನ ಸ್ಕಾಟಾಯ್ಲರ್ ಇದರಲ್ಲಿ ಹೆಸರುವಾಸಿ. ಇಂಜಿನ್ ಓಡುವಾಗ ಮ್ಯಾನಿಫೋಲ್ಡಿನ (ಇಂಜಿನ್ನಿಗೆ ಗಾಳಿ ಒಯ್ಯುವ ಕೊಳವೆಯ) ಎಳೆತ ವಾಲ್ವನ್ನು ಎತ್ತಿ ಹಿಡಿಯುತ್ತದೆ, ಇಂಜಿನ್ ನಿಂತರೆ ವಾಲ್ವ್ ಮುಚ್ಚುತ್ತದೆ. ಕಾರ್ಬುರೇಟರ್ ಗಾಡಿಗೆ ಇದು ಚೆನ್ನಾಗಿ ಒಪ್ಪುತ್ತದೆ. ಆದರೆ ಕೊಳವೆಯ ಕೂಡು ಸ್ವಲ್ಪ ಸಡಿಲವಾದರೂ ಸಾಕು, ಅಲ್ಲಿಂದ ಗಾಳಿ ಒಳಗೆಳೆದು ಮಿಶ್ರಣ ತೆಳುವಾಗುತ್ತದೆ, ಐಡ್ಲಿಂಗ್ ಏರಿಳಿಯುತ್ತದೆ, ಇಂಜಿನ್ ಬಿಸಿಯಾಗುತ್ತದೆ. 2020ರ ಏಪ್ರಿಲ್ ನಂತರದ ಬಿಎಸ್6 ಗಾಡಿಗಳಲ್ಲಿ ಥ್ರಾಟಲ್ ಬಾಡಿಯ ಪಕ್ಕದ ಸಣ್ಣ ಕೊಳವೆಗಳು ಸೆನ್ಸರಿಗೋ ಪೆಟ್ರೋಲ್ ಆವಿಯ ಡಬ್ಬಿಗೋ ಹೋಗುತ್ತವೆ. ಅವಕ್ಕೆ ಟೀ (ಮೂರು ಬಾಯಿಯ ಕೂಡು) ಜೋಡಿಸಲೇಬೇಡಿ.

ಇನ್ನೊಂದು, ಎತ್ತರದ ಡಬ್ಬಿಯಿಂದ ತನ್ನ ಭಾರಕ್ಕೇ ಇಳಿಯುವ ಎಣ್ಣೆಯನ್ನು 12 ವೋಲ್ಟಿನ ಸೊಲೆನಾಯ್ಡ್ ವಾಲ್ವ್ (ಕರೆಂಟಿನಿಂದ ಕೆಲಸ ಮಾಡುವ ವಾಲ್ವ್) ತೆರೆದು ಮುಚ್ಚುವ ಬಗೆ. ಇಂಜೆಕ್ಷನ್ ಗಾಡಿಗೂ ನಡೆಯುತ್ತದೆ, ಸಾಮಾನೆಲ್ಲ ನಮ್ಮೂರಲ್ಲೇ ಸಿಗುತ್ತದೆ, ಕೆಟ್ಟರೆ ಒಂದೊಂದೇ ಭಾಗ ಬದಲಿಸಬಹುದು. ಇಲ್ಲಿ ವಿವರಿಸುವುದು ಇದನ್ನೇ. ಹನಿಯ ಜಾಗ, ಎಣ್ಣೆ, ಅಳತೆ ಈ ಮೂರರ ಮಾತು ಎರಡಕ್ಕೂ ಒಂದೇ.

ಸಾಮಾನು

ಮುಚ್ಚಳ ಭದ್ರವಾಗಿ ಕೂರುವ 50–60 ಮಿ.ಲೀ. ಪ್ಲಾಸ್ಟಿಕ್ ಡಬ್ಬಿ. ಹಳೆಯ ಡಿಸ್ಕ್ ಬ್ರೇಕಿನ ಎಣ್ಣೆ ಡಬ್ಬಿ ತೊಳೆದು ಒಣಗಿಸಿದರೆ ಅದೇ ಆಗುತ್ತದೆ. 4 ಮಿ.ಮೀ. ಹೊರ ಅಳತೆ, 2.5 ಮಿ.ಮೀ. ಒಳ ಅಳತೆಯ ಪಿಯು (ಪಾಲಿಯುರೆಥೇನ್) ಕೊಳವೆ ಒಂದೂವರೆ ಮೀಟರ್. ಅದೇ ಅಳತೆಯ ಒತ್ತಿ ಕೂರಿಸುವ ಫಿಟ್ಟಿಂಗ್, ಮತ್ತು ಲಾಕ್‌ನಟ್ ಇರುವ 4 ಮಿ.ಮೀ. ಫ್ಲೋ ಕಂಟ್ರೋಲ್ ವಾಲ್ವ್ (ತಿರುಪು ತಿರುಗಿಸಿ ಹರಿವು ಹೆಚ್ಚುಕಡಿಮೆ ಮಾಡುವಂಥದ್ದು). ಇವು ಏರ್ ಲೈನ್ ಬಿಡಿಭಾಗ ಮಾರುವ ಅಂಗಡಿಯಲ್ಲಿ ಸಿಗುತ್ತವೆ. ಎಸಿ–ಫ್ರಿಜ್ ರಿಪೇರಿಯವರ ಹತ್ತಿರ ಕಾಲು ಇಂಚಿನ ಮೆದು ತಾಮ್ರದ ಕೊಳವೆ 15 ಸೆಂ.ಮೀ. ತನ್ನಿ. 3 ಮಿ.ಮೀ. ದಪ್ಪ, 20 ಮಿ.ಮೀ. ಅಗಲದ ಲೋಹದ ಪಟ್ಟಿ ಒಂದು ತುಂಡು, ರಬ್ಬರ್ ಒಳಪದರದ ಪಿ-ಕ್ಲಿಪ್ ಎರಡು, ಎಂ6 ಬೋಲ್ಟು, ನೈಲಾನ್ ನಟ್ಟು, 1 ಆಂಪಿಯರ್ ಫ್ಯೂಸ್ ಮತ್ತು ಹೋಲ್ಡರ್, 1ಎನ್4007 ಡಯೋಡ್, ನೀರು ಹೋಗದ ಸಣ್ಣ ಸ್ವಿಚ್ಚು, ಜಿಪ್ ಟೈ. ಪಟ್ಟಿ ಬಗ್ಗಿಸಿ ತೂತು ಹೊಡೆಸಲು ಯಾವ ಲೇತ್ ಅಂಗಡಿಯಾದರೂ ಸರಿ. ಮೈಸೂರು ಕಿರ್ಲೋಸ್ಕರ್ ಲೇತ್ ಯಂತ್ರ ಮಾಡುತ್ತಿದ್ದ ಹರಿಹರದಲ್ಲಂತೂ ಈ ಕೆಲಸಕ್ಕೆ ಹುಡುಕಾಡಬೇಕಿಲ್ಲ.

ಸೊಲೆನಾಯ್ಡ್ ಕೊಳ್ಳುವಾಗ ಎಚ್ಚರ ಇರಲಿ, ಹಣ ಹಾಳಾಗುವುದು ಇಲ್ಲೇ. ನಿಮಗೆ ಬೇಕಾದ್ದು 12 ವೋಲ್ಟ್ ಡಿಸಿ, ಕರೆಂಟ್ ಇಲ್ಲದಾಗ ಮುಚ್ಚಿಕೊಂಡಿರುವ, ಒತ್ತಡವಿಲ್ಲದೆಯೂ ತೆರೆಯುವ ಡೈರೆಕ್ಟ್ ಆ್ಯಕ್ಟಿಂಗ್ ವಾಲ್ವ್, ಒಳದಾರಿ 1.5–2 ಮಿ.ಮೀ. ವಾಷಿಂಗ್ ಮಷೀನಿನ ವಾಲ್ವ್ ತೆರೆಯಲು ನಲ್ಲಿ ನೀರಿನ ಒತ್ತಡ ಬೇಕು. 30 ಸೆಂ.ಮೀ. ಎತ್ತರದ ಎಣ್ಣೆಯ ಒತ್ತಡ ಅದಕ್ಕೆ ಏನೇನೂ ಅಲ್ಲ. ನೀರು ಶುದ್ಧೀಕರಿಸುವ ಯಂತ್ರದ ವಾಲ್ವ್ ಹೆಚ್ಚಾಗಿ 24 ವೋಲ್ಟಿನದು. ಅಂಗಡಿಯಲ್ಲೇ ಬ್ಯಾಟರಿಗೆ ಹಚ್ಚಿ, ಬಾಯಲ್ಲಿ ಮೆಲ್ಲಗೆ ಊದಿ ನೋಡಿ. ಮೆಲ್ಲಗೆ ಊದಿದರೂ ಗಾಳಿ ಹೋದರೆ ಅದು ಸರಿಯಾದ ವಾಲ್ವ್.

ಆಸ್ಪತ್ರೆಯ ಡ್ರಿಪ್ ಸೆಟ್, ಮೀನಿನ ತೊಟ್ಟಿಯ ಗಾಳಿ ಕೊಳವೆ ಹಾಕಿ ಮುಗಿಸುವವರಿದ್ದಾರೆ. ಡ್ರಿಪ್ ಸೆಟ್ಟಿನ ಉರುಳೆ ಗಾಡಿಯ ನಡುಕಕ್ಕೆ ತಾನಾಗಿ ಸರಿಯುತ್ತದೆ. ಬೆಳಗ್ಗೆ ಒಂದು ಹನಿ ಇದ್ದದ್ದು ಸಂಜೆಗೆ ಧಾರೆಯಾಗುತ್ತದೆ. ಮೀನಿನ ತೊಟ್ಟಿಯ ಪಿವಿಸಿ ಕೊಳವೆ ಎಣ್ಣೆ ಮತ್ತು ಬಿಸಿಲಿಗೆ ಕೆಲವೇ ತಿಂಗಳಲ್ಲಿ ಗಟ್ಟಿಯಾಗಿ, ಫಿಟ್ಟಿಂಗ್ ಹತ್ತಿರ ಸೀಳುತ್ತದೆ.

ಮೊದಲು ಚೈನ್ ಸವೆತ ಅಳೆಯಿರಿ

ಸವೆದ ಚೈನಿಗೆ ಆಯಿಲರ್ ಹಾಕಿದರೆ ಅದು ಬದುಕುವುದಿಲ್ಲ. ಚೈನ್ ಬಿಗಿಯಾಗಿ ನಿಲ್ಲುವಂತೆ ಕೆಳಗೆ ಎಳೆದು, 20 ಕೊಂಡಿಯ ಉದ್ದ ಅಳೆಯಿರಿ: ಒಂದನೇ ಪಿನ್ನಿನ ನಡುವಿನಿಂದ ಇಪ್ಪತ್ತೊಂದನೇ ಪಿನ್ನಿನ ನಡುವಿಗೆ. 428 ಅಳತೆಯ ಚೈನ್ ಹೊಸದಿದ್ದಾಗ ಇದು 254 ಮಿ.ಮೀ.; 259 ತಲುಪಿದರೆ ಬದಲಿಸಿ. 520 ಚೈನಿಗೆ ಹೊಸದು 317.5 ಮಿ.ಮೀ., ಮಿತಿ 323ರ ಹತ್ತಿರ. ಮೂರು ಕಡೆ ಅಳೆದು, ಬಂದದ್ದರಲ್ಲಿ ದೊಡ್ಡ ಲೆಕ್ಕವನ್ನೇ ಹಿಡಿಯಿರಿ. ಚೈನ್ ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ.

ಆಮೇಲೆ ಸೀಮೆಎಣ್ಣೆ ಮತ್ತು ಮೆದು ಬ್ರಷ್‌ನಿಂದ ಹಳೆಯ ಸ್ಪ್ರೇ ಮೇಣ, ಗ್ರೀಸ್, ಮಣ್ಣು ಎಲ್ಲ ತೊಳೆದು ಬಟ್ಟೆಯಲ್ಲಿ ಒರೆಸಿ. ಮೇಣ ಉಳಿದರೆ ತೆಳು ಎಣ್ಣೆ ಒಳಗಿಳಿಯದೆ ಅದರ ಮೇಲೇ ನಿಂತು ಧೂಳು ಕಲಸುತ್ತದೆ. ಓ-ರಿಂಗ್ ಚೈನಿಗೆ ಪೆಟ್ರೋಲ್, ಥಿನ್ನರ್, ತಂತಿ ಬ್ರಷ್ ತಾಗಿಸಬೇಡಿ. ಪಿನ್ನಿನೊಳಗಿನ ಗ್ರೀಸನ್ನು ಕಾರ್ಖಾನೆಯಲ್ಲೇ ತುಂಬಿ, ಆ ರಬ್ಬರ್ ಉಂಗುರದಿಂದ ಮುಚ್ಚಿರುತ್ತಾರೆ. ಉಂಗುರ ಹೋದರೆ ಆ ಗ್ರೀಸ್ ಮರಳಿ ತುಂಬಲಾಗುವುದಿಲ್ಲ. ಕೊನೆಗೆ ಮ್ಯಾನ್ಯುಯಲ್ ಹೇಳಿದಷ್ಟು ಸಡಿಲ ಇಡಿ, ಹೆಚ್ಚಿನ ಗಾಡಿಗೆ 25–35 ಮಿ.ಮೀ. ಈ ಹೊಂದಾಣಿಕೆ ಆಯಿಲರ್ ಕೂರಿಸುವ ಮೊದಲೇ ಆಗಲಿ. ಚೈನ್ ಬಿಗಿ ಮಾಡಿದಾಗ ಹಿಂದಿನ ಚಕ್ರ ಹಿಂದೆ ಸರಿಯುತ್ತದೆ, ಎಣ್ಣೆ ಹನಿಸುವ ನಳಿಕೆಯ ತುದಿ ಮಾತ್ರ ಇದ್ದಲ್ಲೇ ಉಳಿಯುತ್ತದೆ.

ನಳಿಕೆಯ ಜಾಗ

ಗಾಡಿಯ ಎಡಕ್ಕೆ ನಿಂತು ಹಿಂದಿನ ಸ್ಪ್ರಾಕೆಟನ್ನು (ಚೈನ್ ಕೂರುವ ಹಲ್ಲಿನ ಚಕ್ರವನ್ನು) ಗಡಿಯಾರದ ಮುಖ ಎಂದುಕೊಳ್ಳಿ. ಗಾಡಿ ಮುಂದೆ ಹೋಗುವಾಗ ಚೈನಿನ ಕೆಳ ಭಾಗ ಹಿಂದಕ್ಕೆ ಬಂದು ಆರು ಗಂಟೆಯ ಹತ್ತಿರ ಹಲ್ಲಿಗೆ ಕೂರುತ್ತದೆ. ಅದಕ್ಕೆ ತುಸು ಮೊದಲು, ಏಳು ಗಂಟೆಯ ಕಡೆ ಹಲ್ಲು ಬರಿದಾಗಿರುತ್ತದೆ. ಎಣ್ಣೆ ಬೀಳಬೇಕಾದ್ದು ಅಲ್ಲಿ, ಅದೂ ಚೈನಿನ ಮೇಲಲ್ಲ, ಸ್ಪ್ರಾಕೆಟ್ಟಿನ ಚಪ್ಪಟೆ ಮುಖದ ಮೇಲೆ. ತಿರುಗುವ ವೇಗಕ್ಕೆ ಎಣ್ಣೆ ಹೊರ ಅಂಚಿನ ಕಡೆ ಹರಿದು, ಹಲ್ಲು ಏರಿ, ಅಲ್ಲಿಗೇ ಬಂದು ಕೂರುವ ರೋಲರಿಗೂ ಪಕ್ಕದ ಪಟ್ಟಿಗೂ ಸಿಗುತ್ತದೆ. ಚೈನಿನ ಮೇಲಕ್ಕೇ ನೇರ ಹನಿಸಿದರೆ, ಅದು ಸ್ಪ್ರಾಕೆಟ್ ಸುತ್ತುವಷ್ಟರಲ್ಲಿ ಹೊರಗೆ ಸಿಡಿದು ರಿಮ್ಮಿಗೂ ಟೈರಿಗೂ ಹೋಗುತ್ತದೆ.

ತುದಿ ಮುಖವನ್ನು ಮೆಲ್ಲಗೆ ಮುಟ್ಟುತ್ತಿರಬೇಕು. ಮುಟ್ಟದೆ 2–3 ಮಿ.ಮೀ. ದೂರ ನಿಂತರೆ ಹನಿ ತೂಗಿ ದೊಡ್ಡದಾಗುತ್ತದೆ, 60ರ ವೇಗದ ಗಾಳಿ ಅದನ್ನು ಎಲ್ಲಿಗೋ ಹಾರಿಸುತ್ತದೆ. ಆಯಿಲರ್ ಇದ್ದೂ ಚೈನ್ ಒಣಗಿರುವ ಗಾಡಿಗಳಲ್ಲಿ ಮೊದಲು ನೋಡಬೇಕಾದ್ದು ಇದನ್ನೇ.

ಹೊರ ಮುಖವೋ ಒಳ ಮುಖವೋ? ಒಂದೇ ನಳಿಕೆಯಾದರೆ ಹೊರ ಮುಖಕ್ಕೇ ಇಡಿ. ಒಳ ಮುಖದಿಂದ ಸಿಡಿದ ಎಣ್ಣೆ ಟೈರಿಗೆ ಹತ್ತಿರ. ಹಲ್ಲಿನ ಬುಡದಿಂದ ಕನಿಷ್ಠ 10 ಮಿ.ಮೀ. ಒಳಗೆ, ತೂತುಗಳಿಲ್ಲದ ಸುತ್ತಿನ ಮೇಲೆ ತುದಿ ಬರಲಿ. ಭಾರ ಕಡಿಮೆ ಮಾಡಲು ಕೊರೆದ ತೂತಿನ ದಾರಿಯಲ್ಲಿ ಇಟ್ಟರೆ ಪ್ರತಿ ಸುತ್ತಿಗೂ ತುದಿ ಅದಕ್ಕೆ ಸಿಕ್ಕಿ ಬಡಿಯುತ್ತದೆ. ಚಕ್ರವನ್ನು ಕೈಯಲ್ಲಿ ಒಂದು ಪೂರ್ತಿ ಸುತ್ತು ತಿರುಗಿಸಿ ಸ್ಪ್ರಾಕೆಟ್ ಬೋಲ್ಟಿನ ತಲೆಯೂ ತಾಗುವುದಿಲ್ಲ ಎಂದು ನೋಡಿ.

ಕೈಯಲ್ಲಿ ಮಾತ್ರ. ಸೆಂಟರ್ ಸ್ಟ್ಯಾಂಡ್ ಹಾಕಿ, ಇಂಜಿನ್ ಚಾಲೂ ಮಾಡಿ, ಗೇರಿಗೆ ಹಾಕಿ ಚೈನ್ ಹತ್ತಿರ ಬೆರಳು ಒಯ್ಯಬೇಡಿ. ಚೈನ್ ಮತ್ತು ಸ್ಪ್ರಾಕೆಟ್ ನಡುವೆ ಸಿಕ್ಕ ಬೆರಳು ಉಳಿಯುವುದಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಕೂರಿಸುವ ಕ್ರಮ

ಪಟ್ಟಿಯನ್ನು, ಹಿಂದಿನ ಚಕ್ರ ಹಿಡಿದಿರುವ ತೋಳಾದ ಸ್ವಿಂಗ್‌ಆರ್ಮಿನಲ್ಲಿ ಈಗಾಗಲೇ ಇರುವ ಬೋಲ್ಟಿಗೇ, ಚೈನ್ ಗಾರ್ಡಿನ ಬೋಲ್ಟಿಗೋ ಹಿಂದಿನ ಸ್ಟ್ಯಾಂಡ್ ಬೋಲ್ಟಿಗೋ ಕಟ್ಟಿ. ಸ್ವಿಂಗ್‌ಆರ್ಮಿಗೆ ಹೊಸ ತೂತು ಕೊರೆಯಬೇಡಿ; ಭಾರ ಹೊರುವ ಕೊಳವೆ ಅದು, ತೂತಿನಿಂದಲೇ ಬಿರುಕು ಶುರುವಾಗುತ್ತದೆ. ತಾಮ್ರದ ಕೊಳವೆಯನ್ನು ಏಳು ಗಂಟೆಯ ಜಾಗದ ಕಡೆ ಬಗ್ಗಿಸಿ ಪಿ-ಕ್ಲಿಪ್‌ನಿಂದ ಬಿಗಿಯಿರಿ. ಬೆರಳಲ್ಲಿ ಬಗ್ಗಿಸಿದರೆ ಕೊಳವೆ ಮಡಚಿ ಚಪ್ಪಟೆಯಾಗುತ್ತದೆ. ಒಳಗೆ ನುಣ್ಣನೆಯ ಒಣ ಮರಳು ತುಂಬಿ ಬಗ್ಗಿಸಿ, ಆಮೇಲೆ ಮರಳು ಊದಿ, ಸೀಮೆಎಣ್ಣೆಯಲ್ಲಿ ತೊಳೆಯಿರಿ. ತಾಮ್ರದ ತುದಿ ಸ್ಪ್ರಾಕೆಟ್ಟಿನಿಂದ 6 ಮಿ.ಮೀ. ದೂರವೇ ನಿಲ್ಲಲಿ. ಅದರೊಳಗೆ ಪಿಯು ಕೊಳವೆ ತೂರಿಸಿ, 45 ಡಿಗ್ರಿ ಓರೆಗೆ ಕತ್ತರಿಸಿದ ತುದಿಯನ್ನು ಮುಖಕ್ಕೆ ತಾಗುವಷ್ಟು ಹೊರಗೆ ಬಿಡಿ. ಪ್ಲಾಸ್ಟಿಕ್ ಸವೆದರೆ ಅರ್ಧ ಸೆಂ.ಮೀ. ಮುಂದೆ ಎಳೆದುಕೊಂಡರಾಯಿತು. ಕ್ಲಿಪ್ಪಿನಿಂದ ತುದಿಯವರೆಗೆ ತಾಮ್ರದ ಉದ್ದ 4 ಸೆಂ.ಮೀ.ಗಿಂತ ಹೆಚ್ಚು ಬೇಡ. ಹೆಚ್ಚಾದರೆ ನಡುಕಕ್ಕೆ ತಾಮ್ರ ಗಡುಸಾಗಿ, ಕ್ಲಿಪ್ಪಿನ ಬುಡದಲ್ಲಿ ಮುರಿಯುತ್ತದೆ.

ಕೊಳವೆಯನ್ನು ಸ್ವಿಂಗ್‌ಆರ್ಮಿನ ಮೇಲ್ಬದಿಯಲ್ಲಿ, ಚೈನಿಗೆ ದೂರವಾಗಿ ಜಿಪ್ ಟೈಯಿಂದ ಕಟ್ಟುತ್ತಾ ಬನ್ನಿ. ಸ್ವಿಂಗ್‌ಆರ್ಮ್ ಫ್ರೇಮಿಗೆ ಸೇರುವಲ್ಲಿ 6–7 ಸೆಂ.ಮೀ. ಸಡಿಲ ಬಳಸು ಬಿಡಿ, ಇಲ್ಲದಿದ್ದರೆ ಹಂಪಿನ ಮೇಲೆ ಗಾಡಿ ಕುಸಿದಾಗ ಕೊಳವೆ ಎಳೆದುಕೊಂಡು ಫಿಟ್ಟಿಂಗ್ ಬಿಡುತ್ತದೆ. ಬ್ರೇಕ್ ಪೈಪಿಗೆ ಸೇರಿಸಿ ಕಟ್ಟಬೇಡಿ.

ಡಬ್ಬಿ ಸೈಡ್ ಪ್ಯಾನೆಲ್ಲಿನೊಳಗೆ ನೆಟ್ಟಗೆ ನಿಲ್ಲಲಿ, ಸೈಲೆನ್ಸರ್ ಪೈಪಿಗೆ ದೂರ, ನಳಿಕೆಯ ತುದಿಗಿಂತ ಕನಿಷ್ಠ 20 ಸೆಂ.ಮೀ. ಮೇಲೆ. ಮುಚ್ಚಳಕ್ಕೆ 1 ಮಿ.ಮೀ. ಗಾಳಿ ತೂತು ಬೇಕೇ ಬೇಕು, ಅದರ ಮೇಲೆ ಸ್ಪಂಜಿನ ಚೂರು ಅಂಟಿಸಿ. ಈ ತೂತು ಧೂಳಿಗೆ ಮುಚ್ಚಿಕೊಂಡರೆ ಎರಡು ತೊಂದರೆ. ಓಡುವಾಗ ಡಬ್ಬಿಯೊಳಗೆ ಗಾಳಿ ಹೋಗದೆ ಕೆಲವು ಹನಿಗಳ ನಂತರ ಎಣ್ಣೆ ನಿಲ್ಲುತ್ತದೆ. ಬಿಸಿಲಲ್ಲಿ ನಿಲ್ಲಿಸಿದಾಗ ಒಳಗಿನ ಗಾಳಿ ಹಿಗ್ಗಿ ಎಣ್ಣೆಯನ್ನು ಕೂಡುಗಳ ಮೂಲಕ ಹೊರಗೆ ದೂಡುತ್ತದೆ. ಮೇ ತಿಂಗಳಲ್ಲಿ ಬಯಲಲ್ಲಿ ನಿಲ್ಲಿಸಿದ ಗಾಡಿಯ ಕೆಳಗೆ ಎಣ್ಣೆ ಕಲೆ ಕಂಡರೆ ಮೊದಲು ಈ ತೂತು ನೋಡಿ.

ಡಬ್ಬಿಯಿಂದ ಇಳಿಯುವ ಕ್ರಮ ಹೀಗೆ: ಡಬ್ಬಿ, ಸೊಲೆನಾಯ್ಡ್, ಫ್ಲೋ ಕಂಟ್ರೋಲ್, ನಳಿಕೆ. ಫ್ಲೋ ಕಂಟ್ರೋಲ್ ಒಂದು ದಿಕ್ಕಿನಲ್ಲಿ ಮಾತ್ರ ಅಳೆದು ಬಿಡುತ್ತದೆ, ಉಲ್ಟಾ ಹಾಕಿದರೆ ಧಾರಾಳ ಹರಿಯುತ್ತದೆ. ತಿರುಪು ಪೂರ್ತಿ ಬಿಗಿ ಮಾಡಿ ಊದಿ ನೋಡಿ. ಗಾಳಿ ಹೋಗದ ದಿಕ್ಕೇ ಎಣ್ಣೆಯ ದಿಕ್ಕು.

ವಿದ್ಯುತ್ತಿಗೆ ಹಿಂದಿನ ಬ್ರೇಕ್ ಲೈಟ್ ಸ್ವಿಚ್ಚಿನ ಎರಡು ತಂತಿಗಳಲ್ಲಿ, ಕೀ ಹಾಕಿದ ಕೂಡಲೇ 12 ವೋಲ್ಟ್ ತೋರಿಸುವ ತಂತಿ ಹಿಡಿಯಿರಿ. ಇನ್ನೊಂದು ಬ್ರೇಕ್ ಒತ್ತಿದಾಗ ಮಾತ್ರ ಜೀವ ಬರುವಂಥದ್ದು. ಮಲ್ಟಿಮೀಟರ್ ಇಲ್ಲದೆ ಊಹಿಸಬೇಡಿ. ಎಬಿಎಸ್, ಇಂಜೆಕ್ಷನ್ ತಂತಿಗಳಿಗಂತೂ ಕೈ ಹಚ್ಚಲೇಬೇಡಿ. ತಂತಿ ತೆಗೆದ ಜಾಗದ ಪಕ್ಕದಲ್ಲೇ ಫ್ಯೂಸ್, ಆಮೇಲೆ ಹ್ಯಾಂಡಲ್ಲಿನ ಸ್ವಿಚ್ಚು, ಆಮೇಲೆ ವಾಲ್ವ್. ಡಯೋಡನ್ನು ವಾಲ್ವಿನ ಎರಡು ತುದಿಗೆ ಅಡ್ಡಲಾಗಿ, ಬಿಳಿ ಪಟ್ಟೆ ಪಾಸಿಟಿವ್ ಕಡೆ ಬರುವಂತೆ ಬೆಸೆಯಿರಿ. ತಿರುಗಿಸಿ ಹಾಕಿದರೆ ಫ್ಯೂಸ್ ಹೋಗುತ್ತದೆ.

ಹ್ಯಾಂಡಲ್ಲಿನ ಸ್ವಿಚ್ಚು ಅಲಂಕಾರಕ್ಕಲ್ಲ. ಇಂಜಿನ್ ಕಿಲ್ ಸ್ವಿಚ್ ಒತ್ತಿದರೂ ಬ್ರೇಕ್ ಲೈಟಿನ ತಂತಿಯಲ್ಲಿ ಕರೆಂಟ್ ಇದ್ದೇ ಇರುತ್ತದೆ. ರೈಲ್ವೆ ಗೇಟ್ ಬಿದ್ದಾಗ ಕೀ ತಿರುಗಿಸದೆ ಹತ್ತು ನಿಮಿಷ ನಿಂತರೆ ಹತ್ತು ಹನಿ ಒಂದೇ ಜಾಗದಲ್ಲಿ ಇಳಿದು, ಹೊರಟ ಕೂಡಲೇ ಟೈರಿನ ಕಡೆ ಸಿಡಿಯುತ್ತದೆ. ನಿಂತರೆ ಈ ಸ್ವಿಚ್ಚು ಆರಿಸುವುದು, ಇಲ್ಲವೇ ಕೀ ತೆಗೆಯುವುದು ರೂಢಿಯಾಗಲಿ.

ಎಣ್ಣೆ ಮತ್ತು ಹನಿಯ ಲೆಕ್ಕ

80ಡಬ್ಲ್ಯು-90 ಗೇರ್ ಆಯಿಲ್ ನಮ್ಮ ಕಡೆಗೆ ಒಪ್ಪುತ್ತದೆ, ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಸುಟ್ಟ ಇಂಜಿನ್ ಆಯಿಲ್ ಪುಕ್ಕಟೆ ಸಿಗುತ್ತದೆಂದು ತುಂಬಬೇಡಿ. ಅದರಲ್ಲಿರುವ ಮಸಿ, ಲೋಹದ ಪುಡಿ ವಾಲ್ವಿನ ಸೂಜಿಯಲ್ಲಿ ಕೂತು ಹನಿ ನಿಲ್ಲಿಸುತ್ತವೆ. ಚಳ್ಳಕೆರೆಯ ಶೇಂಗಾ ಎಣ್ಣೆ ಒಗ್ಗರಣೆಗೇ ಇರಲಿ. ಅಡುಗೆ ಎಣ್ಣೆ ಗಾಳಿಗೆ ಬಲಿತು ಅಂಟಾಗುತ್ತದೆ, ಬಾಣಲೆಯ ಅಂಚಿನ ಜಿಡ್ಡಿನ ಹಾಗೆ.

ಡಬ್ಬಿ ತುಂಬಿ, ಫ್ಲೋ ಕಂಟ್ರೋಲ್ ಪೂರ್ತಿ ತೆರೆದು, ಕೀ ಹಾಕಿ, ನಳಿಕೆಯ ತುದಿಗೆ ಸಿರಿಂಜ್ ಹಚ್ಚಿ ಮೆಲ್ಲಗೆ ಎಳೆಯಿರಿ. ಕೊಳವೆಯಲ್ಲಿ ಒಂದೂ ಗುಳ್ಳೆ ಉಳಿಯಬಾರದು. ಇಷ್ಟು ಸಣ್ಣ ಕೊಳವೆಯಲ್ಲಿ ಒಂದು ಗುಳ್ಳೆ ಸಾಕು ಎಣ್ಣೆಯನ್ನು ತಡೆದು ನಿಲ್ಲಿಸಲು. ಆಮೇಲೆ ತಿರುಪು ಬಿಗಿ ಮಾಡುತ್ತಾ, ತುದಿಯ ಕೆಳಗೆ ಕಾಗದ ಹಿಡಿದು ಗಡಿಯಾರ ನೋಡಿ ನಿಮಿಷಕ್ಕೆ ಒಂದು ಹನಿಗೆ ತನ್ನಿ. ಐದು ನಿಮಿಷ ಎಣಿಸಿ. ಮೊದಲ ನಿಮಿಷದ ಲೆಕ್ಕ ನಂಬುವಂಥದ್ದಲ್ಲ. ಲಾಕ್‌ನಟ್ ಬಿಗಿದು ಮತ್ತೊಮ್ಮೆ ಎಣಿಸಿ, ಬಿಗಿಯುವಾಗಲೇ ತಿರುಪು ಕದಲುವುದುಂಟು.

ಒಂದು ಹನಿ ಸುಮಾರು 0.03 ಮಿ.ಲೀ. ಎಂದುಕೊಂಡರೆ, ದಾವಣಗೆರೆಯಿಂದ ಚಿತ್ರದುರ್ಗದ 60 ಕಿ.ಮೀ.ಗೆ ಒಂದು ಗಂಟೆ, 60 ಹನಿ, ಹತ್ತಿರ ಹತ್ತಿರ 2 ಮಿ.ಲೀ. 50 ಮಿ.ಲೀ. ಡಬ್ಬಿ 1,500 ಕಿ.ಮೀ. ದಾಟಬೇಕು. 500ಕ್ಕೇ ಖಾಲಿಯಾದರೆ ಎಣ್ಣೆ ಹೆಚ್ಚಾಯಿತು, 3,000 ಆದರೂ ಅರ್ಧ ಉಳಿದಿದ್ದರೆ ಎಲ್ಲೋ ಕಟ್ಟಿದೆ.

ಈ ಲೆಕ್ಕವನ್ನು ಕೆಡಿಸುವುದು ಹವೆ. 15 ಡಿಗ್ರಿಯ ಬೆಳಗ್ಗೆ ಈ ಎಣ್ಣೆ 40 ಡಿಗ್ರಿಯಲ್ಲಿ ಇರುವುದಕ್ಕಿಂತ ನಾಲ್ಕು ಪಟ್ಟಿನಷ್ಟು ಮಂದ. ಡಿಸೆಂಬರಿನಲ್ಲಿ ಹೊತ್ತು ಏರುವ ಮೊದಲು ಹೊಂದಿಸಿದ ತಿರುಪು ಏಪ್ರಿಲ್‌ನಲ್ಲಿ ನಿಮಿಷಕ್ಕೆ ನಾಲ್ಕು ಹನಿ ಬಿಡುತ್ತದೆ. ಹಾಗಾಗಿ ನೀವು ಹೆಚ್ಚಾಗಿ ಓಡಿಸುವ ಹೊತ್ತಿನಲ್ಲೇ ಹೊಂದಿಸಿ, ಯುಗಾದಿಯ ಹತ್ತಿರ ಒಮ್ಮೆ, ಮಳೆ ಹಿಡಿದ ಮೇಲೆ ಒಮ್ಮೆ, ದೀಪಾವಳಿ ಕಳೆದ ಮೇಲೆ ಒಮ್ಮೆ ತಿರುಪಿಗೆ ಕೈ ಹಚ್ಚಿ. ಈ ತಾಪತ್ರಯ ಬೇಡ ಎನ್ನುವವರು ವಾಲ್ವಿನ ಬದಲು ಟೈಮರ್ ಇರುವ 12 ವೋಲ್ಟಿನ ಪೆರಿಸ್ಟಾಲ್ಟಿಕ್ ಪಂಪ್ ಹಾಕಬಹುದು. ಅದು ಕೊಳವೆಯನ್ನು ಹಿಂಡಿ ಅಳೆದು ಕೊಡುವುದರಿಂದ ಎಣ್ಣೆ ಮಂದವೋ ತೆಳುವೋ ಎಂಬುದರ ಪರಿಣಾಮ ಬಹಳ ಕಡಿಮೆ.

ಮೊದಲ ಓಟ, ಮೊದಲ ತಪ್ಪು

20 ಕಿ.ಮೀ. ಓಡಿಸಿ ನಿಲ್ಲಿಸಿ. ಚೈನಿನ ಪಕ್ಕದ ಪಟ್ಟಿಯನ್ನು ಬೆರಳಲ್ಲಿ ಸವರಿದರೆ ತೆಳ್ಳನೆ ಜಿಡ್ಡು ಹತ್ತಬೇಕು, ಹನಿ ತೊಟ್ಟಿಕ್ಕಬಾರದು. ರಿಮ್ಮಿನ ಮೇಲೆ ಒಂದೆರಡು ಚುಕ್ಕೆ ಇದ್ದರೆ ಸರಿ. ಗೆರೆಗೆರೆಯಾಗಿ ಸಿಡಿದಿದ್ದರೆ ಹನಿ ಅರ್ಧ ಮಾಡಿ. ಟೈರಿನ ನೆಲ ಮುಟ್ಟುವ ಭಾಗದಲ್ಲಿ ಎಣ್ಣೆ ಕಂಡರೆ ಗಾಡಿ ಓಡಿಸಬೇಡಿ. ಸೋಪು ನೀರಿನಲ್ಲಿ ತೊಳೆದು, ಒಣಗಿಸಿ, ಕಾರಣ ಹುಡುಕಿದ ಮೇಲೆಯೇ ಹೊರಡಿ. ಡಿಸ್ಕ್ ಬ್ರೇಕಿಗೂ ಇದೇ ಮಾತು.

ಕೀ ತೆಗೆದ ಮೇಲೆ ಒಂದೆರಡು ಹನಿ ಬೀಳುವುದು ಸಹಜ. ವಾಲ್ವಿನ ಕೆಳಗಿನ ಎಣ್ಣೆಯೆಲ್ಲ ಇಳಿದುಹೋದರೆ ಯಾವುದೋ ಕೂಡಿನಲ್ಲಿ ಗಾಳಿ ಸೇರುತ್ತಿದೆ ಎಂದು ಅರ್ಥ. ಮೇಲಿಂದ ಗಾಳಿ ಬರದಿದ್ದರೆ ಇಷ್ಟು ಸಣ್ಣ ಕೊಳವೆಯ ಎಣ್ಣೆ ತಾನಾಗಿ ಇಳಿಯುವುದಿಲ್ಲ. ಕೊಳವೆಯನ್ನು ಬ್ಲೇಡಿನಲ್ಲಿ ನೇರವಾಗಿ ಕತ್ತರಿಸಿ ಮತ್ತೆ ಒತ್ತಿ. ಕತ್ತರಿಯಿಂದ ಓರೆಯಾಗಿ ಕತ್ತರಿಸಿದ ತುದಿ ಫಿಟ್ಟಿಂಗಿನಲ್ಲಿ ಸರಿಯಾಗಿ ಕೂರುವುದಿಲ್ಲ.

ಮಣ್ಣಿಗೆ ತಕ್ಕಂತೆ ಹನಿ ಬದಲಾಗಬೇಕು. ಭೀಮಸಮುದ್ರದ ಕಡೆ ಅದಿರು ಲಾರಿ ಓಡುವ ರಸ್ತೆಯಲ್ಲಿ ಎಣ್ಣೆ ಹೆಚ್ಚಾದಷ್ಟೂ ಧೂಳು ಕೂತು, ಸಾಣೆ ಹಿಡಿಯುವ ಲೇಪವಾಗಿ ಚೈನನ್ನು ತಿನ್ನುತ್ತದೆ. ಅಲ್ಲಿ ಎರಡು ನಿಮಿಷಕ್ಕೆ ಒಂದು ಹನಿ ಇಟ್ಟು, ವಾರಕ್ಕೊಮ್ಮೆ ಬಟ್ಟೆಯಲ್ಲಿ ಚೈನ್ ಒರೆಸಿ. ಮಳೆಯಲ್ಲಿ ಹೆದ್ದಾರಿಯ ನೀರು ಎಣ್ಣೆ ತೊಳೆಯುವುದರಿಂದ ಎರಡು ಪಟ್ಟು ಬಿಡಿ. ಭದ್ರಾ ಕಾಲುವೆಯ ಗದ್ದೆ ಬಯಲಲ್ಲಿ, ಮಲೇಬೆನ್ನೂರು, ಹರಿಹರದ ಕಡೆ ನಾಟಿ ಹೊತ್ತಿಗೆ ಟ್ರ್ಯಾಕ್ಟರ್ ಗಾಲಿಯ ಕೆಸರು ರಸ್ತೆ ತುಂಬ ಬಿದ್ದಿರುತ್ತದೆ. ಎರೆ ಮಣ್ಣು ನಳಿಕೆಗೆ ಮೆತ್ತಿ ಒಣಗಿದರೆ ಇಟ್ಟಿಗೆ. ಆ ದಿನಗಳಲ್ಲಿ ಮನೆಗೆ ಬಂದ ಕೂಡಲೇ, ಮಣ್ಣು ಹಸಿಯಿರುವಾಗಲೇ ತುದಿಗೆ ನೀರು ಬಿಟ್ಟು ಬೆರಳಲ್ಲಿ ಒರೆಸಿ. ಪ್ರೆಷರ್ ವಾಷಿನವರಿಗೆ ಆ ಜಾಗಕ್ಕೆ ನೇರ ಹೊಡೆಯಬೇಡಿ ಎಂದು ಹೇಳಿ. ಓ-ರಿಂಗಿಗೂ ಅದು ಒಳ್ಳೆಯದಲ್ಲ.

ಚೈನ್ ಬಿಗಿ ಮಾಡಿದಾಗಲೆಲ್ಲ ತುದಿ ಇನ್ನೂ ಮುಖ ಮುಟ್ಟುತ್ತಿದೆಯೇ ನೋಡಿ. ಪಂಕ್ಚರ್ ಆದಾಗ ಹಿಂದಿನ ಚಕ್ರ ಬಿಚ್ಚುವ ಮೊದಲು ಪಟ್ಟಿಯ ಒಂದು ಬೋಲ್ಟ್ ಸಡಿಲಿಸಿ, ನಳಿಕೆಯನ್ನು ಮೇಲಕ್ಕೆ ತಿರುಗಿಸಿ ಇಡಿ. ಅಂಗಡಿಯವನಿಗೆ ಅದು ಏನೆಂದು ಗೊತ್ತಿರುವುದಿಲ್ಲ, ಚಕ್ರ ಎಳೆಯುವಾಗ ಸ್ಪ್ರಾಕೆಟ್ ಅದನ್ನು ಮಡಚಿಕೊಂಡೇ ಬರುತ್ತದೆ. ಚಕ್ರ ಕೂರಿಸಿದ ಮೇಲೆ ಏಳು ಗಂಟೆಯ ಜಾಗಕ್ಕೆ ಮರಳಿ ತಂದು, ಬೋಲ್ಟ್ ಬಿಗಿದು, ಕೈಯಲ್ಲಿ ಒಂದು ಸುತ್ತು ತಿರುಗಿಸಿ ನೋಡಿಯೇ ಹೊರಡಿ.